ಜೆರ್ಸಿಯ ಹೆಸರಿಗೆ ಎಷ್ಟು, ಆಟಕ್ಕೆ ಎಷ್ಟು: ಅಮೆರಿಕದ ಟ್ರಾವೆಲ್ ಸಾಫ್ಟ್‌ಬಾಲ್ ಕ್ಲಬ್‌ಗಳ ಲೆಕ್ಕ

ಆಗಸ್ಟ್ ಬಂತೆಂದರೆ ಅಮೆರಿಕದ ಹುಡುಗಿಯರ ಸಾಫ್ಟ್‌ಬಾಲ್ ಕ್ಲಬ್‌ಗಳಲ್ಲಿ ಟ್ರೈಔಟ್ ಶುರು. ಮೈದಾನದಲ್ಲಿ ಒಂದೆರಡು ತಾಸು ಓಡಿಸಿ, ಎಸೆಸಿ, ಹೊಡೆಸಿ ನೋಡುತ್ತಾರೆ. ಅದೇ ರಾತ್ರಿಯೋ ಮರುದಿನವೋ ಮನೆಗೆ ಇಮೇಲ್ ಬರುತ್ತದೆ: ನಿಮ್ಮ ಮಗಳಿಗೆ ತಂಡದಲ್ಲಿ ಜಾಗ ಇದೆ, ಎರಡು ದಿನದೊಳಗೆ ಒಪ್ಪಿಗೆ ತಿಳಿಸಿ, ಅಡ್ವಾನ್ಸ್ ಕಟ್ಟಿ, ಕಟ್ಟಿದ ಹಣ ವಾಪಸ್ ಕೊಡುವುದಿಲ್ಲ.

ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾದ ಕನ್ನಡಿಗರ ಮನೆಗಳಿಗೂ ಇಂಥ ಇಮೇಲ್ ಬರುತ್ತಿದೆ. ಅಪ್ಪ ಅಮ್ಮ ಬೆಳೆದದ್ದು ಕ್ರಿಕೆಟ್, ಥ್ರೋಬಾಲ್, ಕಬಡ್ಡಿ ನೋಡಿ. ಮಗಳು ಕುಣಿದಾಡುತ್ತಿರುತ್ತಾಳೆ, ಏಕೆಂದರೆ ಕ್ಲಬ್ಬಿನ ಹೆಸರು ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಶುಲ್ಕ ಸಾವಿರಗಳಲ್ಲಿದೆ. ಇದು ಯಾವ ವ್ಯವಸ್ಥೆ, ಹಣ ಎಲ್ಲಿ ಹೋಗುತ್ತದೆ, ಬದಲಿಗೆ ಏನು ಸಿಗುತ್ತದೆ ಎಂದು ತಿಳಿದುಕೊಳ್ಳಲು ಎರಡು ದಿನ ಸಾಲದು. ಅದಕ್ಕೇ ಈ ಬರಹ.

ಮೊದಲು ಆಟದ ಬಗ್ಗೆ

ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಶಿಕಾಗೋದಲ್ಲಿ, ಬೇಸ್‌ಬಾಲಿನ ಒಳಾಂಗಣ ರೂಪವಾಗಿ. ಇಂದು ಹುಡುಗಿಯರು ಆಡುವುದು ‘ಫಾಸ್ಟ್‌ಪಿಚ್’ ಎಂಬ ಬಗೆ. ಪಿಚರ್ ತೋಳನ್ನು ಭುಜದಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ, ಕೆಳಗೈಯಲ್ಲಿ ಚೆಂಡು ಬಿಡುತ್ತಾಳೆ. ಚೆಂಡಿನ ಸುತ್ತಳತೆ 12 ಇಂಚು. ಪಿಚರ್‌ಗೂ ಬ್ಯಾಟರ್ ನಿಲ್ಲುವ ಹೋಂ ಪ್ಲೇಟಿಗೂ ನಡುವೆ ದೊಡ್ಡ ಹುಡುಗಿಯರಿಗೆ 43 ಅಡಿ. 12 ವರ್ಷದೊಳಗಿನವರಿಗೆ 40 ಅಡಿ. 10ರ ಒಳಗಿನವರಿಗೆ 35 ಅಡಿ ಮತ್ತು ಕೊಂಚ ಸಣ್ಣ, 11 ಇಂಚಿನ ಚೆಂಡು. ದೂರ ಇಷ್ಟು ಕಡಿಮೆ ಇರುವುದರಿಂದ ಪಂದ್ಯದ ಗತಿ ಬಹುಪಾಲು ಪಿಚರ್ ಕೈಯಲ್ಲಿರುತ್ತದೆ. ಒಳ್ಳೆಯ ಪಿಚರ್ ಇರುವ ಮನೆಗೆ ಕ್ಲಬ್‌ಗಳೇ ಹುಡುಕಿಕೊಂಡು ಬರುವುದು ಇದೇ ಕಾರಣಕ್ಕೆ.

ವಯೋಮಿತಿಯ ಗುಂಪುಗಳನ್ನು 10ಯು, 12ಯು, 14ಯು, 16ಯು, 18ಯು ಎಂದು ಕರೆಯುತ್ತಾರೆ. 12ಯು ಎಂದರೆ 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರು.

ಮಕ್ಕಳು ಆಡಲು ಎರಡು ದಾರಿ ಇವೆ. ಒಂದು ‘ರೆಕ್’ ಲೀಗ್. ಊರಿನ ಪಾರ್ಕ್ ಇಲಾಖೆಯೋ ಲಿಟ್ಲ್ ಲೀಗಿನಂಥ ಸಂಸ್ಥೆಯೋ ನಡೆಸುತ್ತದೆ, ಯಾವುದೋ ಮಗುವಿನ ತಂದೆ ತಾಯಿಯೇ ಸ್ವಯಂಸೇವಕ ಕೋಚ್, ಪಂದ್ಯಗಳೆಲ್ಲ ಊರೊಳಗೇ. ಹೆಸರು ಕೊಟ್ಟವರಿಗೆಲ್ಲ ಆಟ. ಇನ್ನೊಂದು ‘ಟ್ರಾವೆಲ್ ಬಾಲ್’. ಇಲ್ಲಿ ಆಯ್ಕೆ ಆಗಬೇಕು, ಹಣ ಕಟ್ಟಬೇಕು, ವಾರಾಂತ್ಯದ ಟೂರ್ನಿಗಳಿಗೆ ಬೇರೆ ಊರಿಗೆ, ಮುಂದೆ ಬೇರೆ ರಾಜ್ಯಗಳಿಗೆ ಹೋಗಬೇಕು. ಟೂರ್ನಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳೂ ಒಂದಲ್ಲ, ಹಲವು: ಯುಎಸ್ಎ ಸಾಫ್ಟ್‌ಬಾಲ್, ಯುಎಸ್ಎಸ್ಎಸ್ಎ, ಪಿಜಿಎಫ್, ಅಲಯನ್ಸ್. ಒಬ್ಬೊಬ್ಬರಿಗೂ ಅವರವರದೇ ‘ರಾಷ್ಟ್ರೀಯ’ ಟೂರ್ನಿ ಇದೆ. ಆದ್ದರಿಂದ ‘ನಮ್ಮದು ನ್ಯಾಷನಲ್ಸ್‌ಗೆ ಹೋದ ತಂಡ’ ಎಂದು ಯಾರಾದರೂ ಹೇಳಿದರೆ ಯಾರ ನ್ಯಾಷನಲ್ಸ್ ಎಂದು ಕೇಳಲೇಬೇಕು.

ಕ್ಲಬ್ ಫ್ರಾಂಚೈಸಿ ಆದದ್ದು ಹೇಗೆ

ಇದರ ಬೇರು 1972ರ ಟೈಟಲ್ ನೈನ್ ಕಾನೂನಿನಲ್ಲಿದೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣುಮಕ್ಕಳಿಗೆ ತಾರತಮ್ಯ ಮಾಡುವಂತಿಲ್ಲ ಎಂದು ಅದು ಹೇಳಿತು. ಕಾಲೇಜುಗಳು ಮಹಿಳಾ ತಂಡಗಳನ್ನು ಕಟ್ಟತೊಡಗಿದವು. 1982ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಮೊದಲ ಬಾರಿಗೆ ಮಹಿಳಾ ಸಾಫ್ಟ್‌ಬಾಲ್ ಚಾಂಪಿಯನ್‌ಶಿಪ್ ನಡೆಸಿತು. ಕಾಲೇಜು ತಂಡ ಎಂದ ಮೇಲೆ ಆಟಗಾರ್ತಿಯರು ಬೇಕು, ಅವರನ್ನು ಎಲ್ಲಿಂದಲಾದರೂ ಆರಿಸಬೇಕು.

ಹೊರಗಿನವರಿಗೆ ಸುಲಭವಾಗಿ ಕಾಣದ ಒಂದು ಕಾರಣ ಇಲ್ಲಿದೆ. ಕಾಲೇಜು ಸಾಫ್ಟ್‌ಬಾಲಿನ ಋತು ಫೆಬ್ರವರಿಯಿಂದ ಜೂನ್ ಆರಂಭದವರೆಗೆ. ಬಹುತೇಕ ರಾಜ್ಯಗಳಲ್ಲಿ ಹೈಸ್ಕೂಲ್ ಪಂದ್ಯಗಳು ನಡೆಯುವುದೂ ಆ ವಸಂತದಲ್ಲೇ. ಕಾಲೇಜು ಕೋಚ್ ತನ್ನ ತಂಡ ಬಿಟ್ಟು ಹೈಸ್ಕೂಲ್ ಪಂದ್ಯ ನೋಡಲು ಹೋಗುವುದು ಕಷ್ಟ. ಆಕೆಗೆ ಬಿಡುವಾಗುವುದು ಬೇಸಿಗೆ ಮತ್ತು ಶರತ್ಕಾಲದಲ್ಲಿ. ಆಗ ಆಡುತ್ತಿರುವುದು ಕ್ಲಬ್ ತಂಡಗಳು, ಅದೂ ಒಂದೇ ಜಾಗದಲ್ಲಿ ನೂರಾರು ತಂಡಗಳು. ಹೀಗಾಗಿ ಆಯ್ಕೆಯ ಅಂಗಳ ಹೈಸ್ಕೂಲಿನಿಂದ ಕ್ಲಬ್ಬಿಗೆ ಸರಿಯಿತು. ಒಂದೇ ಹೊತ್ತಿಗೆ ಹತ್ತಾರು ಮೈದಾನಗಳಲ್ಲಿ ಪಂದ್ಯ ನಡೆಯುವಾಗ ಕೋಚ್ ಮೊದಲು ಹೋಗುವುದು ಹೆಸರು ಗೊತ್ತಿರುವ ತಂಡದ ಕಡೆಗೆ.

ಹಾಗೆ ಹೆಸರಿಗೇ ಬೆಲೆ ಬಂತು. ಫೈರ್‌ಕ್ರ್ಯಾಕರ್ಸ್, ಬ್ಯಾಟ್‌ಬಸ್ಟರ್ಸ್ ಎರಡೂ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಕ್ಲಬ್‌ಗಳು. ಬಾಂಬರ್ಸ್ ಟೆಕ್ಸಸ್‌ನದು. ಇಂದು ಈ ಹೆಸರಿನ ತಂಡಗಳು ಅನೇಕ ರಾಜ್ಯಗಳಲ್ಲಿವೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಬೇರೆ ಊರಿನ ಒಬ್ಬ ಕೋಚ್ ತನ್ನ ತಂಡಕ್ಕೆ ಆ ಹೆಸರು, ಲಾಂಛನ ಬಳಸಲು ಅನುಮತಿ ಪಡೆಯುತ್ತಾನೆ. ಪ್ರತಿಯಾಗಿ ಮೂಲ ಕ್ಲಬ್ಬಿಗೆ ತಂಡದ ಲೆಕ್ಕದಲ್ಲೋ ಆಟಗಾರ್ತಿಯ ಲೆಕ್ಕದಲ್ಲೋ ವರ್ಷಕ್ಕಿಷ್ಟು ಎಂದು ಕೊಡುತ್ತಾನೆ. ಸಮವಸ್ತ್ರವನ್ನು ಕ್ಲಬ್ ಗೊತ್ತುಮಾಡಿದ ಕಡೆಯೇ ಕೊಳ್ಳಬೇಕು. ಕೋಚ್‌ಗೆ ಇದರಿಂದ ಲಾಭವಿದೆ. ಹೆಸರು ಕೇಳಿ ಟ್ರೈಔಟ್‌ಗೆ ಹೆಚ್ಚು ಹುಡುಗಿಯರು ಬರುತ್ತಾರೆ, ದೊಡ್ಡ ಟೂರ್ನಿಗಳಿಗೆ ಪ್ರವೇಶ ಸುಲಭವಾಗುತ್ತದೆ. ಮೂಲ ಕ್ಲಬ್ಬಿಗೂ ದಿನನಿತ್ಯ ತಂಡ ನಡೆಸುವ ತಲೆನೋವಿಲ್ಲದೆ ವರಮಾನ ಬರುತ್ತದೆ.

ನಮ್ಮವರಿಗೆ ಇದನ್ನು ಅರ್ಥ ಮಾಡಿಸಲು ಉಡುಪಿ ಹೋಟೆಲಿನ ಬೋರ್ಡು ಸಾಕು. ಯಾವ ಊರಿಗೆ ಹೋದರೂ ಆ ಬೋರ್ಡು ಕಂಡರೆ ಒಳಗೆ ನುಗ್ಗುತ್ತೇವೆ, ಆದರೆ ಸಾಂಬಾರಿನ ರುಚಿ ನಿರ್ಧಾರವಾಗುವುದು ಆ ದಿನ ಒಲೆಯ ಮುಂದೆ ನಿಂತ ಭಟ್ಟರಿಂದ. ಸಾಫ್ಟ್‌ಬಾಲಿನಲ್ಲಿ ಆ ಭಟ್ಟರ ಹೆಸರು ತಂಡದ ಹೆಸರಲ್ಲೇ ಇರುತ್ತದೆ. ಒಂದೇ ಕ್ಲಬ್ಬಿನ ಒಂದೇ ವಯೋಮಿತಿಯಲ್ಲಿ ನಾಲ್ಕು ತಂಡಗಳಿದ್ದರೆ ಕ್ಲಬ್ಬಿನ ಹೆಸರಿನ ಮುಂದೆ ಕೋಚ್‌ನ ಮನೆತನದ ಹೆಸರು ಸೇರಿಸಿ ಗುರುತಿಸುತ್ತಾರೆ. ‘ನ್ಯಾಷನಲ್’, ‘ಪ್ರೀಮಿಯರ್’, ‘ಗೋಲ್ಡ್’ ಎಂಬ ಬಾಲಗಳೂ ಇರುತ್ತವೆ. ಟಿವಿಯಲ್ಲಿ ಕಾಣುವ ಕಾಲೇಜು ತಾರೆಯರು ಆಡಿ ಬಂದದ್ದು ಸಾಮಾನ್ಯವಾಗಿ ಮೂಲ ಊರಿನ ಮುಖ್ಯ ತಂಡಗಳಿಂದ. ನಿಮ್ಮ ಊರಿನಲ್ಲಿ ಕಳೆದ ವರ್ಷ ಬೋರ್ಡು ಹಾಕಿಕೊಂಡ ತಂಡಕ್ಕೂ ಅದಕ್ಕೂ ಜೆರ್ಸಿ ಬಿಟ್ಟರೆ ಬೇರೆ ನಂಟು ಇಲ್ಲದಿರಬಹುದು.

ಹಣ ಎಲ್ಲೆಲ್ಲಿ ಹೋಗುತ್ತದೆ

ಯುವ ಕ್ರೀಡೆಯ ಖರ್ಚನ್ನು ಗಮನಿಸುತ್ತ ಬಂದಿರುವ ಆಸ್ಪೆನ್ ಇನ್‌ಸ್ಟಿಟ್ಯೂಟ್‌ನ ಸಮೀಕ್ಷೆಯ ಪ್ರಕಾರ ಅಮೆರಿಕದ ಕುಟುಂಬ ಮಗುವಿನ ಮುಖ್ಯ ಆಟಕ್ಕೆ 2024ರಲ್ಲಿ ಸರಾಸರಿ 1,016 ಡಾಲರ್ ಖರ್ಚು ಮಾಡಿದೆ. ಇದು 2019ಕ್ಕಿಂತ ಶೇಕಡ 46 ಹೆಚ್ಚು. ಎಲ್ಲ ಆಟ, ಎಲ್ಲ ಮಟ್ಟ ಸೇರಿದ ಸರಾಸರಿ ಅದು. ಟ್ರಾವೆಲ್ ಸಾಫ್ಟ್‌ಬಾಲ್ ಇದಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ.

ಲೆಕ್ಕಕ್ಕೆಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳು 14ಯು, ಹೆಸರಾಂತ ಕ್ಲಬ್ಬಿನ ಊರಿನ ತಂಡ. ಕ್ಲಬ್ ಶುಲ್ಕ ವರ್ಷಕ್ಕೆ 2,500 ಡಾಲರ್ ಎಂದಿಟ್ಟುಕೊಳ್ಳಿ. ಸಮವಸ್ತ್ರ, ಬ್ಯಾಟು, ಗ್ಲೌಸು, ಕ್ಲೀಟ್ಸ್ ಸೇರಿ 900. ವಾರಕ್ಕೊಂದು ಖಾಸಗಿ ಪಿಚಿಂಗ್ ಪಾಠ, ಸಲಕ್ಕೆ 50ರಂತೆ 40 ವಾರ, 2,000. ಊರಾಚೆ 6 ವಾರಾಂತ್ಯದ ಟೂರ್ನಿಗಳು. ಪ್ರತಿ ಸಲ ಎರಡು ರಾತ್ರಿ ಹೋಟೆಲಿಗೆ 320, ಊಟಕ್ಕೆ 200, ಪೆಟ್ರೋಲಿಗೆ 100, ಒಟ್ಟು 3,720. ಬೇಸಿಗೆಯಲ್ಲಿ ಒಂದು ದೂರದ ಟೂರ್ನಿ, ಮೂವರ ವಿಮಾನ, ಆರು ರಾತ್ರಿ ಹೋಟೆಲ್, ಬಾಡಿಗೆ ಕಾರು, ಊಟ ಸೇರಿ 3,200. ಕೂಡಿದರೆ 12,320 ಡಾಲರ್.

ಇಮೇಲಿನಲ್ಲಿ ಬಂದ ಶುಲ್ಕ ಇದರಲ್ಲಿ ಐದನೇ ಒಂದು ಪಾಲು ಮಾತ್ರ. ಎರಡು ಕ್ಲಬ್‌ಗಳನ್ನು ಹೋಲಿಸುವಾಗ ಹೆಚ್ಚಿನವರು ನೋಡುವುದು ಆ ಶುಲ್ಕವನ್ನೇ. ನೋಡಬೇಕಾದದ್ದು ಟೂರ್ನಿಗಳ ಪಟ್ಟಿಯನ್ನು. ಶುಲ್ಕ 500 ಡಾಲರ್ ಕಡಿಮೆ ಇದ್ದು ಒಂದು ವಿಮಾನ ಪ್ರಯಾಣ ಹೆಚ್ಚಾಗಿದ್ದರೆ ಆ ಕ್ಲಬ್ಬೇ ದುಬಾರಿ.

ಪಟ್ಟಿಯಲ್ಲಿ ಬರೆಯದ ಖರ್ಚುಗಳೂ ಇವೆ. ಅನೇಕ ದೊಡ್ಡ ಟೂರ್ನಿಗಳಲ್ಲಿ ‘ಸ್ಟೇ ಟು ಪ್ಲೇ’ ನಿಯಮವಿದೆ: ಸಂಘಟಕರು ಗೊತ್ತುಮಾಡಿದ ಹೋಟೆಲಿನಲ್ಲೇ ಉಳಿಯಬೇಕು, ಇಲ್ಲದಿದ್ದರೆ ತಂಡಕ್ಕೆ ಪ್ರವೇಶವಿಲ್ಲ. ಆ ಊರಿನಲ್ಲಿ ನಿಮ್ಮ ಅಣ್ಣನ ಮನೆಯೇ ಇದ್ದರೂ ಪ್ರಯೋಜನವಿಲ್ಲ. ಮಗಳ ಆಟ ನೋಡಲು ಅಪ್ಪ ಅಮ್ಮ ಗೇಟಿನಲ್ಲಿ ಟಿಕೆಟ್ ಕೊಳ್ಳಬೇಕಾಗುತ್ತದೆ. ಬ್ಯಾಟಿನ ಮೇಲೆ ಮಾನ್ಯತಾ ಸಂಸ್ಥೆಯ ಮುದ್ರೆ ಇರಬೇಕು. ಒಂದು ಸಂಸ್ಥೆ ಒಪ್ಪಿದ ಬ್ಯಾಟನ್ನು ಇನ್ನೊಂದು ಒಪ್ಪದೆಯೂ ಇರಬಹುದು. ನಾಲ್ಕುನೂರು ಡಾಲರ್ ಕೊಟ್ಟು ಬ್ಯಾಟು ತರುವ ಮೊದಲು ತಂಡ ಯಾರ ಟೂರ್ನಿಗಳಲ್ಲಿ ಆಡುತ್ತದೆ ಎಂದು ಕೇಳಿಕೊಳ್ಳಿ.

ಇನ್ನು ಹಣದಲ್ಲಿ ಅಳೆಯಲಾಗದ್ದು ವಾರಾಂತ್ಯ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ, ಭಾನುವಾರದ ಕನ್ನಡ ತರಗತಿ, ತಮ್ಮನ ಹುಟ್ಟುಹಬ್ಬ ಎಲ್ಲವೂ ಟೂರ್ನಿಯ ಎದುರು ಸೋಲುತ್ತವೆ. ಬಿಸಿಲಲ್ಲಿ ಫೋನು ಹಿಡಿದು ಕೂತ ಆ ತಮ್ಮನ ಶನಿವಾರಗಳನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಒಂದು ವಾರಾಂತ್ಯದಲ್ಲಿ ಸಿಗುವ ಆಟ

ಶನಿವಾರ ಬೆಳಿಗ್ಗೆ 8ಕ್ಕೆ ಪಂದ್ಯ ಎಂದರೆ 7ಕ್ಕೆ ಮೈದಾನದಲ್ಲಿರಬೇಕು. ಬೇಲಿಯಾಚೆ ಸಾಲಾಗಿ ಬಟ್ಟೆಯ ಟೆಂಟುಗಳು, ಮಡಚುವ ಕುರ್ಚಿಗಳು, ಐಸ್ ತುಂಬಿದ ಪೆಟ್ಟಿಗೆಗಳು. ಊರಿಂದ ಬಂದ ಅಜ್ಜಿ ಅಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾರೆ. ಶನಿವಾರದ್ದು ‘ಪೂಲ್’ ಪಂದ್ಯಗಳು, ಶ್ರೇಯಾಂಕ ಗೊತ್ತುಮಾಡಲು. ಭಾನುವಾರ ‘ಬ್ರ್ಯಾಕೆಟ್’, ಸೋತವರು ಹೊರಕ್ಕೆ. ಪೂರ್ಣ ಪಂದ್ಯಕ್ಕೆ 7 ಇನಿಂಗ್ಸ್, ಆದರೆ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಸಮಯದ ಮಿತಿ ಇರುತ್ತದೆ. 75 ನಿಮಿಷ ಎಂದರೆ ನಾಲ್ಕೈದು ಇನಿಂಗ್ಸ್‌ಗೇ ಆಟ ಮುಗಿಯಬಹುದು.

ತಂಡದಲ್ಲಿ 12 ಹುಡುಗಿಯರಿದ್ದು ಎಲ್ಲರೂ ಸರದಿಯಲ್ಲಿ ಬ್ಯಾಟ್ ಮಾಡಿದರೆ ಒಂದು ಪಂದ್ಯದಲ್ಲಿ ಒಬ್ಬಳಿಗೆ ಸುಮಾರು ಎರಡು ಅವಕಾಶ. ಎರಡು ದಿನದಲ್ಲಿ ನಾಲ್ಕೈದು ಪಂದ್ಯ, ಹೆಚ್ಚೆಂದರೆ 9 ಬಾರಿ ಎನ್ನೋಣ. ಮೇಲಿನ ಲೆಕ್ಕದಲ್ಲಿ ಒಂದು ವಾರಾಂತ್ಯದ ಪ್ರಯಾಣಕ್ಕೆ 620 ಡಾಲರ್. ಒಂದೊಂದು ಬ್ಯಾಟಿಂಗಿಗೆ ಸುಮಾರು 70 ಡಾಲರ್ ಬಿತ್ತು. ಮೈದಾನದಲ್ಲಿ ಒಮ್ಮೆಗೆ ನಿಲ್ಲುವವರು 9 ಮಂದಿ. 12 ಜನರ ತಂಡದಲ್ಲಿ ಮೂವರು ಬೆಂಚಿನಲ್ಲಿ, 15 ಜನರ ತಂಡದಲ್ಲಿ ಆರು ಮಂದಿ. ತಂಡದ ಖರ್ಚು ಹೆಚ್ಚು ತಲೆಗಳಿಗೆ ಹಂಚಿದರೆ ಶುಲ್ಕ ಇಳಿಯುತ್ತದೆ, ಆಟವೂ ಇಳಿಯುತ್ತದೆ. ಕಡಿಮೆ ಶುಲ್ಕದ ಹಿಂದೆ ಉದ್ದನೆಯ ಬೆಂಚು ಇದೆಯೇ ಎಂದು ನೋಡುವುದು ಪೋಷಕರ ಕೆಲಸ.

ಹನ್ನೊಂದು ಹನ್ನೆರಡರ ಹುಡುಗಿ ಕಲಿಯುವುದು ಚೆಂಡು ಮುಟ್ಟಿದಾಗ. ಹೆಸರಾಂತ ತಂಡದ ಬೆಂಚಿಗಿಂತ ಸಾಧಾರಣ ತಂಡದ ಶಾರ್ಟ್‌ಸ್ಟಾಪ್ ಜಾಗ (ಚೆಂಡು ಹೆಚ್ಚು ಬರುವ ಫೀಲ್ಡಿಂಗ್ ಸ್ಥಾನ) ಆ ವಯಸ್ಸಿಗೆ ಹೆಚ್ಚು ಕೊಡುತ್ತದೆ ಎಂಬುದು ನನ್ನ ನಿಲುವು.

ಸ್ಕಾಲರ್‌ಶಿಪ್ ಬರುತ್ತದಲ್ಲ?

ಇಷ್ಟು ಖರ್ಚಿಗೆ ಮನೆಮನೆಯಲ್ಲೂ ಕೊಡುವ ಸಮರ್ಥನೆ ಇದು. ಅಮೆರಿಕದಲ್ಲಿ ಹೈಸ್ಕೂಲ್ ಫಾಸ್ಟ್‌ಪಿಚ್ ಆಡುವ ಹುಡುಗಿಯರು ಸುಮಾರು 3.4 ಲಕ್ಷ. ಎನ್‌ಸಿಎಎ ಕಾಲೇಜುಗಳಲ್ಲಿ ಆಡುವವರು ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಮೇಲೆ. ಅಂದರೆ ನೂರಕ್ಕೆ ಸುಮಾರು ಆರು ಮಂದಿ. ಅತಿ ಮೇಲಿನ ಡಿವಿಷನ್ 1 ಕಾಲೇಜುಗಳಿಗೆ ಹೋಗುವವರು ನೂರಕ್ಕೆ ಹೆಚ್ಚುಕಡಿಮೆ ಇಬ್ಬರು.

ತಂಡ ಸೇರಿದ ಮಾತ್ರಕ್ಕೆ ಪೂರ್ಣ ಹಣ ಸಿಗುವುದೂ ಇಲ್ಲ. ಒಂದು ಡಿವಿಷನ್ 1 ಸಾಫ್ಟ್‌ಬಾಲ್ ತಂಡ ಗರಿಷ್ಠ 12 ಪೂರ್ಣ ಸ್ಕಾಲರ್‌ಶಿಪ್‌ಗಳಷ್ಟು ಹಣ ಕೊಡಬಹುದು ಎಂಬ ನಿಯಮ ಬಹುಕಾಲ ಇತ್ತು. ಇಪ್ಪತ್ತು ಚಿಲ್ಲರೆ ಆಟಗಾರ್ತಿಯರಿಗೆ ಅದನ್ನು ತುಂಡು ಮಾಡಿ ಹಂಚುತ್ತಿದ್ದರು. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ‘ಹೌಸ್’ ಒಪ್ಪಂದ (ಎನ್‌ಸಿಎಎ ವಿರುದ್ಧ ಆಟಗಾರರು ಹೂಡಿದ್ದ ದಾವೆಯ ರಾಜಿ) ಇದನ್ನು ಬದಲಿಸಿತು. ಅದಕ್ಕೆ ಸೇರಿದ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಸಂಖ್ಯೆಯ ಮಿತಿ ಇಲ್ಲ, ಬದಲಿಗೆ ತಂಡದಲ್ಲಿ 25 ಮಂದಿಗಿಂತ ಹೆಚ್ಚು ಇರುವಂತಿಲ್ಲ. 25 ಜನಕ್ಕೂ ಪೂರ್ಣ ಹಣ ಕೊಡಬಹುದು, ಕೊಡಲೇಬೇಕೆಂದಿಲ್ಲ. ಡಿವಿಷನ್ 3 ಕಾಲೇಜುಗಳೂ ಐವಿ ಲೀಗ್ ವಿಶ್ವವಿದ್ಯಾಲಯಗಳೂ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ.

ನಿಜಕ್ಕೂ ದೊಡ್ಡ ಹಣ ಕಂಡವರಿದ್ದಾರೆ. ಪಿಚರ್ ನೈಜಾರಿ ಕ್ಯಾನೆಡಿ 2024ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಟೆಕ್ಸಸ್ ಟೆಕ್‌ಗೆ ಬಂದಾಗ ಆಕೆಯ ಹೆಸರು, ಚಿತ್ರದ ಬಳಕೆಗೆ ಹಣ ಕೊಡುವ ಒಪ್ಪಂದ ಹತ್ತು ಲಕ್ಷ ಡಾಲರ್ ದಾಟಿತು. 2025ರಲ್ಲಿ ಆಕೆಯ ತಂಡ ಕಾಲೇಜು ವರ್ಲ್ಡ್ ಸೀರೀಸಿನ ಫೈನಲ್ ತಲುಪಿ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಸೋತಿತು. ಅಂಥ ಪಿಚರ್ ದೇಶಕ್ಕೆ ಒಬ್ಬಿಬ್ಬರು. ನಮ್ಮ ಊಹೆಯ ಮನೆ ಐದು ವರ್ಷ ಹೀಗೇ ಖರ್ಚು ಮಾಡಿದರೆ ಒಟ್ಟು 61,600 ಡಾಲರ್ ಆಗುತ್ತದೆ. ಕಾಲೇಜು ಶುಲ್ಕವೇ ಗುರಿಯಾದರೆ ಆ ಹಣವನ್ನು ಶಿಕ್ಷಣದ ಉಳಿತಾಯ ಖಾತೆಗೆ ಹಾಕುವುದು ಹೆಚ್ಚು ಖಾತ್ರಿಯ ದಾರಿ.

ಓದಿನಲ್ಲಿ ಮುಂದಿರುವ ಹುಡುಗಿಗೆ ಮಾತ್ರ ಇನ್ನೊಂದು ಬಾಗಿಲು ಇದೆ, ನಮ್ಮ ಮನೆಗಳು ಗಮನಿಸಬೇಕಾದದ್ದು. ಪ್ರವೇಶ ಕಠಿಣವಾಗಿರುವ ಡಿವಿಷನ್ 3 ಮತ್ತು ಐವಿ ಲೀಗ್ ಕಾಲೇಜುಗಳಲ್ಲಿ ಆಟದ ಹಣ ಇಲ್ಲದಿದ್ದರೂ ಕೋಚ್‌ನ ಬೆಂಬಲ ಪ್ರವೇಶಕ್ಕೆ ನೆರವಾಗುತ್ತದೆ. ಅರ್ಜಿಗೆ ಮೊದಲೇ ಅಂಕಪಟ್ಟಿ ತರಿಸಿ ‘ಪ್ರೀ-ರೀಡ್’ ಮಾಡಿಸುವ, ಅಂದರೆ ಪ್ರವೇಶ ವಿಭಾಗದ ಅಭಿಪ್ರಾಯ ಕೇಳುವ ಪದ್ಧತಿ ಅಲ್ಲಿದೆ. ಈ ಕೋಚ್‌ಗಳನ್ನು ತಲುಪಲು ರಾಷ್ಟ್ರಮಟ್ಟದ ಕ್ಲಬ್ಬೇ ಬೇಕೆಂದಿಲ್ಲ. ಕಾಲೇಜುಗಳೇ ನಡೆಸುವ ಕ್ಯಾಂಪುಗಳು, ಚೆನ್ನಾಗಿ ತೆಗೆದ ವಿಡಿಯೊ, ಹುಡುಗಿಯೇ ಬರೆದ ಇಮೇಲ್ ಸಾಕಾಗಬಹುದು.

ಹೆಸರಿಗೆ ಬೆಲೆ ಬರುವುದು ಯಾವಾಗ

ಡಿವಿಷನ್ 1 ಸಾಫ್ಟ್‌ಬಾಲ್ ಕೋಚ್‌ಗಳು ಹುಡುಗಿ 11ನೇ ತರಗತಿ ಸೇರುವ ವರ್ಷದ ಸೆಪ್ಟೆಂಬರ್ 1ಕ್ಕೆ ಮೊದಲು ಆಕೆಯೊಂದಿಗೆ ಆಯ್ಕೆಯ ಮಾತು ಆಡುವಂತಿಲ್ಲ. ನೋಡಲು ಅಡ್ಡಿಯಿಲ್ಲ. ಹಾಗಾಗಿ 9, 10ನೇ ತರಗತಿಯ ಬೇಸಿಗೆಗಳಲ್ಲಿ, ಅಂದರೆ 16ಯು ಹೊತ್ತಿಗೆ, ಯಾವ ಮೈದಾನದಲ್ಲಿ ಆಡುತ್ತಾಳೆ ಎಂಬುದು ನಿಜಕ್ಕೂ ಮುಖ್ಯವಾಗುತ್ತದೆ. ಕಾಲೇಜು ಕೋಚ್‌ಗಳ ಪರಿಚಯವಿರುವ, ಅವರಿಗೆ ಫೋನ್ ಮಾಡಿ ‘ಈ ಹುಡುಗಿಯನ್ನು ನೋಡಿ’ ಎನ್ನಬಲ್ಲ ಕ್ಲಬ್ ಕೋಚ್ ಆಗ ಹಣಕ್ಕೆ ತಕ್ಕವನು. ಆ ಪರಿಚಯ ವ್ಯಕ್ತಿಯದು, ಲಾಂಛನದ್ದಲ್ಲ. ಆತ ಕ್ಲಬ್ ಬದಲಿಸಿದರೆ ಪರಿಚಯವೂ ಆತನ ಜತೆ ಹೋಗುತ್ತದೆ.

10ಯು, 12ಯು ಹುಡುಗಿಯರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಆ ವಯಸ್ಸಿಗೆ ‘ಕಾಲೇಜಿಗೆ ಕಾಣಿಸುತ್ತೇವೆ’ ಎಂದು ಹೇಳಿ ಹೆಸರಿನ ಮೇಲೆ ಹೆಚ್ಚು ಶುಲ್ಕ ಕೇಳುವ ಕ್ಲಬ್ಬಿಗೆ ಒಪ್ಪಬೇಡಿ.

ಭುಜ ಮತ್ತು ಸುರಕ್ಷತೆ

ಕೆಳಗೈ ಎಸೆತ ಭುಜಕ್ಕೆ ಹಗುರ ಎಂಬ ನಂಬಿಕೆ ಬಹಳ ಕಾಲದಿಂದಿದೆ. ಹಾಗಾಗಿ ಬೇಸ್‌ಬಾಲಿನಲ್ಲಿ ಹುಡುಗರಿಗೆ ದಿನಕ್ಕೆ ಇಷ್ಟೇ ಎಸೆತ ಎಂಬ ಮಿತಿ ಬಂದರೂ ಅನೇಕ ಸಾಫ್ಟ್‌ಬಾಲ್ ಟೂರ್ನಿಗಳಲ್ಲಿ ಅಂಥ ಮಿತಿ ಇಲ್ಲ. ಒಬ್ಬಳೇ ಪಿಚರ್ ಎರಡು ದಿನದಲ್ಲಿ ಮೂರು ನಾಲ್ಕು ಪಂದ್ಯ ಎಸೆಯುವುದು ಅಪರೂಪವಲ್ಲ. ತೋಳು ತಿರುಗುವಾಗ ಭುಜದ ಮುಂಭಾಗದ ಮೇಲೆ ಬೀಳುವ ಒತ್ತಡ ಕಡಿಮೆಯದ್ದಲ್ಲ, ನೋವು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಸ್ಪಷ್ಟ: ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಬಿಡಿಬಿಡಿಯಾಗಿಯಾದರೂ ಒಟ್ಟು ಮೂರು ತಿಂಗಳು ಆ ಆಟಕ್ಕೆ ಬಿಡುವು ಕೊಡಬೇಕು. ವರ್ಷವಿಡೀ ನಡೆಯುವ ಕ್ಲಬ್ಬಿನಲ್ಲಿ ಆ ಮೂರು ತಿಂಗಳು ಎಲ್ಲಿವೆ ಎಂದು ಕೇಳಿ.

ಕೋಚ್‌ನ ಹಿನ್ನೆಲೆ ಪರಿಶೀಲನೆ ಆಗಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಬೇಕು. ಯುಎಸ್ಎ ಸಾಫ್ಟ್‌ಬಾಲ್ ಒಲಿಂಪಿಕ್ ವ್ಯವಸ್ಥೆಯ ಭಾಗವಾದ್ದರಿಂದ, ಕ್ರೀಡೆಯಲ್ಲಿ ದೌರ್ಜನ್ಯ ತಡೆಯುವ ‘ಸೆಂಟರ್ ಫಾರ್ ಸೇಫ್‌ಸ್ಪೋರ್ಟ್’ ನಿಯಮಗಳಿಗೆ ಒಳಪಡುತ್ತದೆ. ಶಿಸ್ತುಕ್ರಮಕ್ಕೆ ಒಳಗಾದವರ ಹೆಸರುಗಳನ್ನು ಆ ಕೇಂದ್ರದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಬೇರೆ ಮಾನ್ಯತಾ ಸಂಸ್ಥೆಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ ಎಂದುಕೊಳ್ಳಬಾರದು.

ಅಡ್ವಾನ್ಸ್ ಕಟ್ಟುವ ಮೊದಲು

ಶುಲ್ಕದಲ್ಲಿ ಏನೇನು ಸೇರಿದೆ, ಮೂಲ ಕ್ಲಬ್ಬಿಗೆ ಹೋಗುವುದೆಷ್ಟು, ಕೋಚ್‌ಗೆ ಸಂಬಳ ಇದೆಯೇ ಎಂದು ಬರಹದಲ್ಲಿ ಕೇಳಿ. ಒಳ್ಳೆಯ ಕ್ಲಬ್‌ಗಳು ತಂಡದ ಆಯವ್ಯಯ ತೋರಿಸಲು ಹಿಂಜರಿಯುವುದಿಲ್ಲ. ಕ್ಲಬ್ ಲಾಭರಹಿತ ಸಂಸ್ಥೆಯಾಗಿದ್ದರೆ ತೆರಿಗೆ ಇಲಾಖೆಗೆ ಅದು ಸಲ್ಲಿಸುವ ವಾರ್ಷಿಕ ವಿವರ, ಅಂದರೆ ಫಾರ್ಮ್ 990, ಇಲಾಖೆಯ ಜಾಲತಾಣದಲ್ಲೇ ನೋಡಲು ಸಿಗುತ್ತದೆ. ಮಗಳ ಶುಲ್ಕವನ್ನು ‘ದಾನ’ ಎಂದು ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ, ಯಾರೇ ಹಾಗೆ ಹೇಳಿದರೂ ನಂಬಬೇಡಿ.

ತಂಡದಲ್ಲಿ ಎಷ್ಟು ಹುಡುಗಿಯರು, ಅವರಲ್ಲಿ ಪಿಚರ್‌ಗಳೆಷ್ಟು, ಋತುವಿನ ನಡುವೆ ಹೊಸಬರನ್ನು ಸೇರಿಸುತ್ತಾರೆಯೇ? ಕಳೆದ ವರ್ಷದ ಆಟಗಾರ್ತಿಯರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಒಂದು ಪ್ರಶ್ನೆಗೆ ಸಿಗುವ ಉತ್ತರ ಉಳಿದ ಹತ್ತು ಪ್ರಶ್ನೆಗಳ ಉತ್ತರಕ್ಕೆ ಸಮ. ಬಿಟ್ಟುಹೋದ ಇಬ್ಬರು ಪೋಷಕರನ್ನು ಹುಡುಕಿ ಮಾತಾಡಿಸಿ. ಸಾಧ್ಯವಾದರೆ ಆ ಕೋಚ್‌ನ ಒಂದು ಪಂದ್ಯವನ್ನು ಬೇಲಿಯ ಹೊರಗೆ ನಿಂತು ನೋಡಿ. ಚೆಂಡು ಕೈತಪ್ಪಿದ ಹುಡುಗಿ ಡಗ್‌ಔಟ್‌ಗೆ ಮರಳಿದಾಗ ಆತ ಆಕೆಗೆ ಏನು ಹೇಳುತ್ತಾನೆ ಎಂದು ಕೇಳಿಸಿಕೊಳ್ಳಿ.

ಗಾಯವಾದರೆ, ಊರು ಬಿಡಬೇಕಾಗಿ ಬಂದರೆ, ಕೋಚ್ ತಾನೇ ಕ್ಲಬ್ ಬಿಟ್ಟುಹೋದರೆ ಉಳಿದ ತಿಂಗಳ ಶುಲ್ಕ ಏನಾಗುತ್ತದೆ ಎಂಬುದು ಕರಾರಿನಲ್ಲಿರಬೇಕು. ವೀಸಾ ಮೇಲೆ ಕೆಲಸ ಮಾಡುವ ಮನೆಗಳಿಗೆ ಈ ಸಾಲು ಇನ್ನೂ ಮುಖ್ಯ. ಎರಡು ದಿನದ ಗಡುವನ್ನು ಒಂದು ವಾರಕ್ಕೆ ವಿಸ್ತರಿಸಲು ಕೇಳುವುದರಲ್ಲಿ ತಪ್ಪಿಲ್ಲ, ಕೇಳಿದವರಿಗೆ ಕೊಡುವ ಕ್ಲಬ್‌ಗಳಿವೆ. ಕೊಡದಿದ್ದರೆ, ಫ್ರಾಂಚೈಸಿ ಹೆಸರಿಲ್ಲದ ಸ್ಥಳೀಯ ತಂಡಗಳೂ ಅದೇ ವಾರಾಂತ್ಯದ ಟೂರ್ನಿಗಳಲ್ಲಿ, ಎಷ್ಟೋ ಸಲ ಅದೇ ಮೈದಾನಗಳಲ್ಲಿ ಆಡುತ್ತವೆ. ಅವುಗಳ ಟ್ರೈಔಟ್ ದಿನಾಂಕವನ್ನೂ ವಿಚಾರಿಸಿಟ್ಟುಕೊಳ್ಳಿ.